ಎದೆನೋವೆಂದು ಬರೆಸಿದ ಸಾವು

ಹಾಲಸ್ವಾಮಿ, ನೆಟ್ಟಗೆ ಕೂತು ಓದು. ಅಣ್ಣ ಸತ್ತು ಒಂಬತ್ತು ದಿನ ಆಗಿಲ್ಲ, ಆಗಲೇ ತಲೆ ಬಾಚಿಕೊಂಡು ಪಂಚಾಯಿತಿ ಆಫೀಸಿಗೆ ಸುಳ್ಳು ಬರೆಸಲು ಹೊರಟಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?

ಇವತ್ತು ಬಿಸಿಲುತಿಂಗಳ ನಲವತ್ತೊಂದನೇ ದಿನ, ಇಸವಿ ೨೧೪೩. ನಮ್ಮ ಕಾಲಕ್ಕೆ ಬೇಸಿಗೆ ಮುಗಿಯುವುದೇ ಇಲ್ಲವಾಗಿ ಆ ತಿಂಗಳಿಗೆ ನಲವತ್ತೈದು ದಿನ ಮಾಡಿದ್ದಾರೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಮನೆಗೊಂದೇ ಕಾಗದ, ಅದರ ಬೆನ್ನಿಗೇ ಒಂದು ಉತ್ತರ. ನಮ್ಮ ಪಾಲಿನದನ್ನು ನಿನಗೆ ಬೈಯಲು ಇಟ್ಟುಕೊಂಡೆ. ನಾನು ಗೌರಜ್ಜಿ, ನಿನ್ನ ಮೊಮ್ಮಗನ ಮಗಳು. ವರಸೆಯಲ್ಲಿ ನೀನು ಮುತ್ತಜ್ಜ, ವಯಸ್ಸಿನಲ್ಲಿ ನನ್ನ ಕಿರಿಮಗನಿಗಿಂತ ಚಿಕ್ಕವನು. ಅದಕ್ಕೇ ಏಕವಚನ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೇ ಬಿಟ್ಟವಳು ನಾನು. ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೋ.

ನೀವು ಬಾರ್ ಎನ್ನುವುದಕ್ಕೆ ಇಲ್ಲಿ ತಣಿವುಮನೆ ಎಂದು ಹೆಸರು. ಹೆಸರು ತಂಪು, ನಾತ ಅದೇ. ಅದು ಇರುವುದು ನೀರುಕಟ್ಟೆಯ ಪಕ್ಕ. ಮನೆಮನೆಗೆ ನೀರು ಅಳೆದು ಕೊಡುವ ಜಾಗ ಅದು, ದಿನಾ ಎರಡು ತಾಸು ಸಾಲಿನಲ್ಲಿ ನಿಲ್ಲಬೇಕು. ಊರಿಗೆಲ್ಲ ನೆರಳು, ಕುರ್ಚಿ, ಫ್ಯಾನು ಇರುವುದು ತಣಿವುಮನೆಯಲ್ಲಿ ಮಾತ್ರ. ನನ್ನ ಮೊಮ್ಮಗಳು ನೀಲಾಂಜನ ಕೊಡ ಸಾಲಿನಲ್ಲಿಟ್ಟು ನೆರಳಿಗೆಂದು ಒಳಗೆ ಹೋದವಳು. ಈಗ ಇಪ್ಪತ್ತಾರಕ್ಕೇ ಕಣ್ಣು ಅರಿಶಿನ, ಹೊಟ್ಟೆ ತುಂಬು ಬಸುರಿಯಂತೆ. ಇನ್ನೂ ಕುಡಿದರೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರಮ್ಮ. ನಮ್ಮ ಮನೆಯ ನೀರು ಅವಳ ಹೆಸರಿನಲ್ಲಿದೆ, ಅವಳೇ ಹೋಗಿ ಹೆಬ್ಬೆಟ್ಟು ಒತ್ತಬೇಕು. “ಬಿಡ್ತೀನಿ ಅಜ್ಜಿ, ಆದ್ರೆ ದಿನಾ ಅದ್ರ ಬಾಗ್ಲ ಮುಂದೆ ನಿಂತು ನೀರು ಹೆಂಗ್ ಹಿಡೀಲಿ?” ಎಂದು ಅತ್ತಳು.

ತಣಿವುಮನೆ ಮುಚ್ಚಿಸಿ ಎಂದು ಪಂಚಾಯಿತಿಗೆ ಹೋದೆ. ಮುಚ್ಚಿದರೆ ಮನೆಯಲ್ಲೇ ಕುಡಿಯುತ್ತಾರೆ ಎಂದರು. ಕುಡಿಯುತ್ತಾರೆ, ನನಗೇನು ಗೊತ್ತಿಲ್ಲವೇ? ಪಕ್ಕದ ಮನೆ ಶಾಂತವೀರ ಕುಕ್ಕರಿನಲ್ಲೇ ಸಾರಾಯಿ ಕಾಯಿಸುತ್ತಾನೆ. ಆದರೆ ಅವನು ಫ್ಯಾನು ಹಾಕಿ ನನ್ನ ಮೊಮ್ಮಗಳನ್ನು ಕರೆಯುವುದಿಲ್ಲ. ಕೊನೆಗೆ ನೆನಪುಸಭೆಗೆ ದೂರು ಕೊಟ್ಟೆ. ಊರಿನ ನೂರಿಪ್ಪತ್ತು ವರ್ಷದ ದಾಖಲೆ ನೋಡಿ ತೀರ್ಪು ಹೇಳುವ ಸಭೆ ಅದು. ಮರಣದ ರಿಜಿಸ್ಟರ್ ತೆಗೆದರು. ಎದೆನೋವು, ಎದೆನೋವು, ಎದೆನೋವು. “ನಿಮ್ಮೂರಾಗೆ ಕುಡಿದು ಸತ್ತೋರು ಒಬ್ರೂ ಇಲ್ವಲ್ಲ ಅಜ್ಜಿ, ಎದೆ ಡಾಕ್ಟ್ರನ್ನ ಕೇಳ್ರಿ” ಎಂದು ನಕ್ಕರು. ನನ್ನ ಗಂಡನದನ್ನೂ ಹಾಗೇ ಬರೆಸಿದವಳು ನಾನು. ಮನೆಗೆ ಬಂದು ಈ ಕಾಗದ ಬರೆಯಲು ಕೂತೆ.

ಆ ಪುಸ್ತಕದ ಮೊದಲ ಎದೆನೋವು ನಿನ್ನ ಅಣ್ಣ ಕರಿಬಸಪ್ಪ. ಬಾರಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸತ್ತವನು ಎಂದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. “ಅವ್ನ ಮಗಳ ಮದ್ವೆ ಐತೆ, ಮನೆ ಮಾನ ಕಳೀಬೇಡ, ಎದೆನೋವು ಅಂತ ಬರ್ಸು” ಎಂದು ನಿಮ್ಮ ದೊಡ್ಡಪ್ಪ ಹೇಳಿದ್ದು ನಿನಗೆ ಮರ್ಯಾದೆಯಾಗಿ ಕಂಡಿತು. ನಿನ್ನನ್ನು ನೋಡಿ ಊರಿಗೆಲ್ಲ ಅದೇ ರೂಢಿಯಾಯಿತು. ಹೆಣ ಹೊತ್ತವರಿಗೆಲ್ಲ ಗೊತ್ತು, ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. ಹನ್ನೊಂದನೆಯ ದಿನ ಬಾರಿನವನು ನಿನ್ನ ಅಣ್ಣನ ಫೋಟೋಕ್ಕೆ ಹಾರ ತರುತ್ತಾನೆ, ನೋಡುತ್ತಿರು. ನೀನು ಕೈ ಮುಗಿದು ಇಸಿದುಕೊಳ್ಳುತ್ತೀಯ.

ಬೇಡ. ಗುಮಾಸ್ತನ ಎದುರು ಕೂತು ಕುಡಿದು ಸತ್ತ ಎಂದು ಬರೆಸು. ಎಲ್ಲಿ ಕುಡಿದ ಎಂಬುದನ್ನೂ ಬರೆಸು. ಮದುವೆ ನಿಂತರೆ ನಿಲ್ಲಲಿ, ಆ ಹುಡುಗಿಗೆ ಬೇರೆ ಗಂಡು ಸಿಗುತ್ತಾನೆ. ನೀಲಾಂಜನಳಿಗೆ ಬೇರೆ ಲಿವರ್ ಸಿಗುವುದಿಲ್ಲ. ನೆನಪುಸಭೆ ಮತ್ತೆ ಕೂರುವುದು ಬರುವ ತಿಂಗಳ ಮೊದಲ ದಿನ, ಆಗ ನಿನ್ನ ಸಾಲು ಪುಸ್ತಕದಲ್ಲಿದ್ದರೆ ಅದೇ ನನ್ನ ಸಾಕ್ಷಿ. ಕ್ಷೇಮಸಮಾಚಾರ ಬೇಡ, ಕ್ಷಮಾಪಣೆಯೂ ಬೇಡ. ಬರೆಸಿದೆ ಎಂಬ ಒಂದು ಸಾಲು, ಕೆಳಗೆ ನಿನ್ನ ರುಜು. ಮುಂದಿನ ತಿಂಗಳು ಹುಟ್ಟುವುದರೊಳಗೆ ನನ್ನ ಕೈಗೆ ಬರಬೇಕು.