ನಲವತ್ತೊಂದು ಸಂಜೆಗಳು

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ, ಆದರೂ ಬರೆದಿದ್ದೇನೆ. ನೀನೂ ಚಿಕ್ಕಮ್ಮನೂ ರೇಡಿಯೋ ವಿಷಯಕ್ಕೆ ಮಾತು ಬಿಟ್ಟಿದ್ದೀರಂತೆ. ಎರಡು ಕೋಣೆಯ ಮನೆಯಲ್ಲಿ ಅದು ಹೇಗೆ ಸಾಧ್ಯವಾಯಿತೋ!

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ಅಪ್ಪನ ಮಾತೆತ್ತಿದರೆ ಸಾಕು, ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ಅಪ್ಪ ತೀರಿಕೊಂಡ ಈ ನಾಲ್ಕು ವರ್ಷಗಳಲ್ಲಿ ನಿನ್ನ ಒಲೆಯ ಮೇಲೆ ಹಾಲಿಲ್ಲದ ದಿನವೇ ಇಲ್ಲ.

ಅಪ್ಪನ ತಗಡಿನ ಪೆಟ್ಟಿಗೆಯನ್ನು ಇಲ್ಲಿಗೆ ತಂದೆನಲ್ಲ, ಅದರ ವಿಷಯ. ದಿನವೆಲ್ಲ ಕಂಡವರ ಗೋಡೆಗೆ ಬಣ್ಣ ಹೊಡೆದು ಬಂದವನು ಕೈಕಾಲು ಕೂಡ ತೊಳೆಯದೆ ತಾರಸಿ ಹತ್ತುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದ ಬಣ್ಣವನ್ನು ನೋಡಿ ನೋಡಿ ಕಲಸಿ, ಬಣ್ಣದ ಅಂಗಡಿಯ ಹಳೆಯ ಶೇಡ್ ಕಾರ್ಡಿನ ಹಿಂಬದಿಗೆ ಒಂದು ಪಟ್ಟಿ ಬಳಿದು, ತಾರೀಖು ಹಾಕಿ ಆ ಪೆಟ್ಟಿಗೆಗೆ ಸೇರಿಸುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಡಬ್ಬಿ ಹಿಡಿದಿರುತ್ತಿದ್ದೆ. "ಗಿರಾಕಿಗೆ ಗುಲಾಬಿ ಅಂದ್ರೆ ಒಂದೇ ಕಣೇ, ಮೇಲಿರೋನಿಗೆ ದಿನಕ್ಕೊಂದು" ಎನ್ನುತ್ತಿದ್ದ. ಇಲ್ಲಿ ಯಾರಾದರೂ ಬಾಗಿಲಿಗೆ ಬಣ್ಣ ಹೊಡೆಸಿದರೆ ಆ ಟರ್ಪೆಂಟೈನ್ ವಾಸನೆಗೆ ನಾನು ನಡೆಯುವುದನ್ನೇ ಮರೆತು ನಿಂತುಬಿಡುತ್ತೇನೆ.

ನನ್ನದು ಆಕಾಶದ ಧೂಳು ನೋಡುವ ಕೆಲಸ ಎಂದು ನೀನು ಪಕ್ಕದ ಮನೆಯವರಿಗೆ ಹೇಳುವುದು ತಪ್ಪೇನಲ್ಲ. ಜ್ವಾಲಾಮುಖಿ ಸಿಡಿದಾಗ ಬೂದಿ ಬೇಗ ಕೆಳಗಿಳಿಯುತ್ತದೆ. ಗಂಧಕದ ಹೊಗೆ ಮಾತ್ರ ಮೋಡಗಳನ್ನೂ ದಾಟಿ ಮೇಲೇರಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಂದೆರಡು ವರ್ಷ ತೇಲುತ್ತದೆ. ಆ ಹನಿಗಳು ಎಲ್ಲಿಗೆ ಹರಡಿದವು, ಎಷ್ಟು ದಪ್ಪವಾದವು, ಯಾವಾಗ ಇಳಿದವು ಎಂಬುದಕ್ಕೆ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟುತ್ತೇವೆ. ನನಗೆ ಮೂರು ವರ್ಷವಿದ್ದಾಗ ಅಂಥದೊಂದು ಸಿಡಿದಿತ್ತು. ಹನಿಗಳಿದ್ದರೆ ಸಂಜೆಯ ಬಣ್ಣ ಬದಲಾಗುತ್ತದೆ, ಹಾಗಾಗಿ ಅಪ್ಪನ ಕಾರ್ಡುಗಳೇ ನಮಗೆ ಸಾಕ್ಷಿ. ಮಾದರಿ ಹೇಳಿದ ಬಣ್ಣಕ್ಕೂ ಅವನ ಪಟ್ಟಿಗೂ ತಾಳೆ ಬಿದ್ದ ದಿನ ನಾನು ಕೂತಲ್ಲೇ ಅತ್ತುಬಿಟ್ಟೆ.

ಆದರೆ ಅದು ಸಿಡಿದ ಮರುವರ್ಷದ ಬೇಸಿಗೆಯ ನಲವತ್ತೊಂದು ಕಾರ್ಡುಗಳು ಏನು ಮಾಡಿದರೂ ತಾಳೆ ಬೀಳಲಿಲ್ಲ. ಆಕಾಶ ಕೆಂಪಗೆ ಉರಿಯಬೇಕಾಗಿದ್ದ ಸಂಜೆಗಳಲ್ಲಿ ಬೂದು ನೀಲಿ, ಅದರ ಮೇಲೆ ಮಂಕು ಗುಲಾಬಿ. ಕೆಟ್ಟ ದಾಖಲೆ, ಕಿತ್ತುಹಾಕು ಎಂದರು ನಮ್ಮ ಮುಖ್ಯಸ್ಥೆ. ನನಗೆ ಮನಸ್ಸು ಬರಲಿಲ್ಲ. ಅಪ್ಪ ಒಂದು ಸಂಜೆಯನ್ನೂ ತಪ್ಪಿಸಿದವನಲ್ಲ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬಂದವಳು. ಕಾರ್ಡಿನ ಮೇಲಿನ ತಾರೀಖೂ ಅವನದೇ ಅಕ್ಷರ. ಅಂಥವನು ನಲವತ್ತೊಂದು ದಿನ ಬಿಡದೆ ತಪ್ಪು ಬಣ್ಣ ಬಳಿಯುತ್ತಾನೆಯೇ?

ಕೊನೆಗೆ, ಏನಾದರಾಗಲಿ ಎಂದು, ಮಾದರಿಯಲ್ಲಿ ನೋಡುವವರ ಮುಖವನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಿದೆ. ಕಾರ್ಡುಗಳು ಒಂದೊಂದಾಗಿ ಸರಿಹೊಂದಿದವು.

ನಾವು ಆಗ ಇದ್ದ ಮನೆಯಲ್ಲಿ ಪೂರ್ವಕ್ಕೆ ಇದ್ದದ್ದು ಅಡುಗೆಮನೆಯ ಕಿಟಕಿ ಒಂದೇ.

ಮತ್ತೆ ತಾರೀಖುಗಳನ್ನು ನೋಡಿದೆ. ಉಳಿದ ಕಾರ್ಡುಗಳಲ್ಲಿ ಒಂದು ದಿನ ಪೆನ್ಸಿಲು, ಒಂದು ದಿನ ಪೆನ್ನು, ಕೈಗೆ ಸಿಕ್ಕಿದ್ದು. ಈ ನಲವತ್ತೊಂದರಲ್ಲಿ ಮಾತ್ರ ಒಂದೇ ಹಸಿರು ಶಾಯಿ. ಒಂದೇ ಸಲ ಕೂತು ಬರೆದ ಹಾಗಿದೆ.

ಅಪ್ಪ ಆಗ ಮನೆಯಲ್ಲಿರಲಿಲ್ಲ, ಅಲ್ಲವೇನಮ್ಮ? ಕೆಲಸಕ್ಕೆಂದು ಹೋಗಿದ್ದರೆ ನೀನು ಹೇಳಿರುತ್ತಿದ್ದೆ. ನಮ್ಮನ್ನು ಬಿಟ್ಟು ಹೋಗಿದ್ದ. ನೀನು ಅವನ ಸಾಲು ಕಡಿಯಬಾರದೆಂದು ದಿನವೂ ಕುಂಚ ಹಿಡಿದೆ. ಹಿಂತಿರುಗಿ ಬಂದ ಮೇಲೆ ಅವನು ಎಲ್ಲಕ್ಕೂ ಒಟ್ಟಿಗೇ ತಾರೀಖು ಹಾಕಿದ.

ನಾನು ಹತ್ತನೇ ತರಗತಿಯಲ್ಲಿದ್ದಾಗ, ಅಪ್ಪನ ಕಾರ್ಡು ನೋಡಿ ನೀನು ಸ್ವಲ್ಪ ನೀಲಿ ಕಮ್ಮಿಯಾಯಿತೇನೋ ಎಂದಿದ್ದೆ. "ನಿಂಗೇನಮ್ಮ ಗೊತ್ತು ಬಣ್ಣದ ವಿಷ್ಯ?" ಎಂದು ನಾನು ಕಿಸಕ್ಕನೆ ನಕ್ಕೆ. ಅಪ್ಪ ನಗಲಿಲ್ಲ. ಒಂದು ತೊಟ್ಟು ನೀಲಿ ಸೇರಿಸಿದ. ಆ ನಗು ಈಗ ನನ್ನನ್ನು ಸುಡುತ್ತಿದೆ. ಕ್ಷಮಿಸು.

ಈ ತಿಂಗಳ ಕೊನೆಗೆ ವರದಿ ಕಳಿಸಬೇಕು. ಆ ವರ್ಷದ ಪೂರ್ವದ ಆಕಾಶವನ್ನು ಬರೆದಿಟ್ಟವರು ಬೇರೆ ಯಾರೂ ನಮಗೆ ಸಿಕ್ಕಿಲ್ಲ. ಈ ಕಾರ್ಡುಗಳನ್ನು ಉಳಿಸಿಕೊಳ್ಳಬೇಕಾದರೆ, ಬಳಿದವರು ಯಾರು, ಯಾವ ಕಿಟಕಿಯಲ್ಲಿ ನಿಂತು ಎಂಬುದನ್ನು ಬರೆಯಲೇಬೇಕು. ಬರೆದರೆ ಚಿಕ್ಕಮ್ಮನಿಗೂ ತಿಳಿಯುತ್ತದೆ, ನೀನು ಇಷ್ಟು ವರ್ಷ ಕಾಪಾಡಿದ ಅಪ್ಪನ ಮಾನ ನಾಲ್ಕು ಜನರ ಬಾಯಿಗೆ ಬೀಳುತ್ತದೆ. ಬೇಡ ಎಂದರೆ ಕಿತ್ತುಹಾಕುತ್ತೇನೆ, ಮತ್ತೆ ಈ ಮಾತೆತ್ತುವುದಿಲ್ಲ. ಆದರೆ ಅಮ್ಮ, ನಿನ್ನ ಹೆಸರನ್ನು ಅಲ್ಲಿ ಅಚ್ಚಿನಲ್ಲಿ ನೋಡಬೇಕೆಂದು ನನಗೆ ತುಂಬಾ ಆಸೆ.

ಯಾಕೆ ಹೋದ ಎಂದು ಕೇಳುವುದಿಲ್ಲ. ಇನ್ನೊಂದು ಕೇಳುತ್ತೇನೆ. ಅಪ್ಪ ಬಳಿಯುತ್ತಿದ್ದುದು ಪಶ್ಚಿಮ ಎಂದು ನಿನಗೆ ಗೊತ್ತಿತ್ತು. ತಾರಸಿಗೆ ಇದ್ದದ್ದು ಹನ್ನೆರಡೇ ಮೆಟ್ಟಿಲು. ನೀನು ಹತ್ತಲಿಲ್ಲ. ಆ ಕಿಟಕಿಯಿಂದ ಕೆಳಗೆ ಬಸ್ ನಿಲ್ದಾಣ ಕಾಣುತ್ತಿತ್ತು ಎಂದೇ ಅಲ್ಲವೇ?

ಉತ್ತರ ಬರೆ. ಎರಡೇ ಸಾಲು ಸಾಕು.

ನೀನೇ ಹೆಸರಿಟ್ಟ,
ಬಾಯಿಬಡುಕಿ

ತಾ.ಕ.: ನಲವತ್ತೊಂದನೆಯ ಕಾರ್ಡಿನಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದು ಕೆಟ್ಟಿತೆಂದು ಇನ್ನೊಂದು ಬಳಿದಿರಬೇಕು ಎಂದುಕೊಂಡಿದ್ದೆ. ನಿನ್ನೆ ಎರಡನ್ನೂ ಮಾದರಿಗೆ ಕೊಟ್ಟು ನೋಡಿದೆ. ಒಂದು ಪೂರ್ವ, ಸೂರ್ಯ ಮುಳುಗಿದ ಐದು ನಿಮಿಷಕ್ಕೆ. ಇನ್ನೊಂದು ಪಶ್ಚಿಮ, ಇಪ್ಪತ್ತು ನಿಮಿಷಕ್ಕೆ; ಅದು ಅಪ್ಪನದು. ನಡುವಿನ ಹದಿನೈದು ನಿಮಿಷ ನೀವಿಬ್ಬರೂ ಏನು ಮಾತಾಡಿಕೊಂಡಿರಿ ಎಂದು ನನ್ನ ಮಾದರಿಗೆ ತಿಳಿಯುವುದಿಲ್ಲ. ಒಲೆಯ ಮೇಲೆ ಹಾಲಿಲ್ಲದ ದಿನ ನೀನೇ ಹೇಳು.