ಎರಡನೆಯ ಅರ್ಧದ ಗಾಳಿ

ಮಾರ್ಚ್ 12, ಭಾನುವಾರ

ವಾಷಿಂಗ್ ಮೆಷಿನ್ನಿನ ಜಾಲರಿಯಲ್ಲಿ ಮತ್ತೆ ಒಂದು ಹಿಡಿ ಕಪ್ಪು ರಬ್ಬರ್ ಕಾಳು. ಪ್ಲಾಸ್ಟಿಕ್ ಹುಲ್ಲಿನ ಮೈದಾನ ಬಂದ ಮೇಲೆ ಇದೊಂದು ಪೀಡೆ. ಮಣ್ಣಾಗಿದ್ದರೆ ನೀರಿಗೆ ಕರಗುತ್ತಿತ್ತು. ಈ ಗಾಳಿಯಲ್ಲಿ ತಂಡದ ಅಂಗಿಗಳನ್ನು ಹೊರಗೆ ಒಣಹಾಕುವಂತಿಲ್ಲ — ಹೋದ ವರ್ಷ ಏಳನೆಯ ನಂಬರು ಹಾರಿ ಸಮುದ್ರ ಸೇರಿತು.

ಸೀಸನ್ನಿನ ಮೊದಲ ಫುಟ್‌ಬಾಲ್ ಪಂದ್ಯ, ರಾಜಧಾನಿಯಲ್ಲಿ. ನಾಲ್ಕು–ಸೊನ್ನೆ. ಸೋತದ್ದಕ್ಕೆ ಬೇಸರವಿಲ್ಲ. ಅವರ ಆಟಗಾರರಿಗೆ ಆಟವೇ ಕೆಲಸ. ನಮ್ಮವರು ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ಬಸ್ಸು ಹತ್ತಿದವರು. ಆದರೆ ನನ್ನ ಮಗ ರೋಯಿ ಗೆರೆಯ ಪಕ್ಕದಲ್ಲಿ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ವಾಪಸು ಬರುವಾಗ ಹೇಳಿದೆ.

"ಕೋಚ್ ಆದೋನು ಜೇಬಲ್ಲಿ ಕೈ ಇಟ್ಕೊಂಡು ನಿಲ್ಲಲ್ಲ."

"ಚಳಿ ಇತ್ತಮ್ಮ."

"ನಿಮ್ಮಪ್ಪಂಗೂ ಚಳಿ ಆಗ್ತಿತ್ತು."

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ತಿರುಗಿ ನೋಡಿದೆ. ನಗು ನಿಂತಿತು.

ಏಪ್ರಿಲ್ 9, ಈಸ್ಟರ್

ತಿಂಗಳುಗಟ್ಟಲೆ ಗಾಳಿಗೆ ತೂಗಿಹಾಕಿದ್ದ ಕುರಿಮಾಂಸ ಚೆನ್ನಾಗಿ ಹುಳಿ ಹಿಡಿದಿತ್ತು. ರೋಯಿ ಮೂಳೆ ಕೂಡ ಬಿಡಲಿಲ್ಲ. ಸೊಸೆ ಬೈಂತಾ ಆಲೂಗಡ್ಡೆ ಮಾತ್ರ ತಿಂದಳು; ಅವಳು ಪಕ್ಕದ ಊರಿನವಳು. ಹೆಲ್ಲುನೆಸ್‌ನವರಿಗೆ ನಾಲಗೆ ತೆಳು.

ಊಟದ ಮೇಲೆ ಹೆಲ್ಲುನೆಸ್ ಕ್ಲಬ್ಬಿನ ಅಧ್ಯಕ್ಷ ಬಂದ. ಕಾಫಿ ಕೊಟ್ಟೆ, ಕೇಕ್ ಕೊಡಲಿಲ್ಲ. ಅದೇ ಹಳೆಯ ರಾಗ. ಎರಡು ಊರಿಗೂ ಆಟಗಾರರು ಸಾಲುವುದಿಲ್ಲ, ಸುರಂಗ ಬಂದ ಮೇಲೆ ನಡುವೆ ಹತ್ತೇ ನಿಮಿಷದ ದಾರಿ, ಒಂದೇ ಕ್ಲಬ್ ಮಾಡೋಣ. ಕೋಚ್ ಅವರ ಬಳಿ ಇದ್ದಾನಂತೆ. ಮೈದಾನವೂ ಅವರದೇ ಇರಲಿ ಅಂತೆ.

"ನಾನು ಬದುಕಿರೋವರೆಗೆ ಇಲ್ಲ" ಎಂದೆ.

ಈ ಕ್ಲಬ್ ಕಟ್ಟಿದ್ದು ನನ್ನ ಮಾವ. ಬೆಳೆಸಿದ್ದು ಗಂಡ. ಅವರು ಹೋದ ಮೇಲೆ ಅಧ್ಯಕ್ಷತೆ ನನ್ನದು. ಹೋದ ಶರತ್ಕಾಲದಲ್ಲಿ ಡೆನ್ಮಾರ್ಕಿನ ಕೋಚ್ ಗಾಳಿಗೆ ಹೆದರಿ ಓಡಿದಾಗ ಮಗನಿಗೆ ಹೇಳಿದೆ, ಅವನು ಒಪ್ಪಿಕೊಂಡ. ಕೇಳಲಿಲ್ಲ, ಹೇಳಿದೆ. ನಮ್ಮ ಮನೆಯಲ್ಲಿ ಹಾಗೆಯೇ.

ಮೇ 21

ಇಲ್ಲೇ, ಮನೆಯ ಮೈದಾನದಲ್ಲಿ. ಒಂದು–ಮೂರು. ಚೆಂಡು ಎರಡು ಸಲ ಮೈದಾನದಂಚಿನ ಗೋಡೆ ದಾಟಿ ಸಮುದ್ರಕ್ಕೆ ಬಿತ್ತು, ಎರಡನೆಯದು ಸಿಗಲಿಲ್ಲ. ಗೋಡೆಯ ಉದ್ದಕ್ಕೂ ನಿಂತ ಕಾರುಗಳಲ್ಲಿ ಜನ ಕೂತೇ ಇದ್ದರು, ಇಳಿಯಲಿಲ್ಲ. ನಮ್ಮ ಗೋಲಿಗೆ ಒಂದೇ ಒಂದು ಹಾರ್ನ್.

ಪಟ್ಟಿಯಲ್ಲಿ ಕೊನೆಯ ಸ್ಥಾನ.

ಜೂನ್ 25, ಭಾನುವಾರ

ಜಾಮಿಗೆ ರೂಬಾರ್ಬಿನ ಹುಳಿ ದಂಟು ಕತ್ತರಿಸುತ್ತಿದ್ದೆ. ರೋಯಿ ಬಂದು ಬೇಲಿಯ ಕಲ್ಲಿನ ಮೇಲೆ ಕೂತ. ಮುಖ ಸಣ್ಣದಾಗಿದೆ.

"ಅಮ್ಮ, ಮಂಗಳವಾರ ಸಮಿತಿ ಸೇರುತ್ತಲ್ಲ."

"ಹೂಂ."

"ತುಮ್ಮಸ್ ನನ್ನ ತೆಗೀಬೇಕು ಅಂತಾನೆ."

"ಬಸ್ ಓಡಿಸೋನು ಬಸ್ ಓಡಿಸ್ಲಿ."

"ಅವನ ಜೊತೆ ನೀನೂ ಕೈ ಎತ್ತಮ್ಮ."

ಚಾಕು ನಿಂತಿತು.

"ಬೇಡಾದ್ರೆ ನೀನೇ ಬಿಡ್ತೀನಿ ಅನ್ನು."

"ಎಷ್ಟು ಸಲ ಅನ್ಕೊಂಡು ಬಂದಿದೀನಿ ಗೊತ್ತಾ? ನಿನ್ನ ಮುಂದೆ ನಿಂತ್ರೆ ಆ ಮಾತು ಬಾಯಿಗೇ ಬರಲ್ಲ. ನಿದ್ದೆ ಇಲ್ಲಮ್ಮ ನಂಗೆ. ಕಾರ್ಖಾನೇಲಿ ಮೀನು ಕೊಯ್ತಾ ಕೊಯ್ತಾ ನಿಂತಲ್ಲೇ ತೂಕಡಿಸ್ತೀನಿ. ಮನೇಗೆ ಬಂದು ಮಲಗಿದ್ರೆ ಕಣ್ಣು ಬಿಟ್ಕೊಂಡೇ ಇರುತ್ತೆ."

"ನಮ್ಮ ಮನೆಯವ್ರು ನಡುನೀರಲ್ಲಿ ದೋಣಿ ಬಿಟ್ಟು ಬಂದೋರಲ್ಲ."

"ಇದು ದೋಣಿ ಅಲ್ಲ. ಫುಟ್‌ಬಾಲು."

ಮತ್ತೆ ಕತ್ತರಿಸತೊಡಗಿದೆ. ಅವನು ಎದ್ದು ಹೋದ. ಜಾಮ್ ತಳ ಹಿಡಿಯಿತು.

ಜೂನ್ 27

ಸಮಿತಿಯಲ್ಲಿ ಮೂರೇ ಜನ — ನಾನು, ತುಮ್ಮಸ್, ಇಗರ್ಜಿಯಲ್ಲಿ ಪ್ರಾರ್ಥನೆ ಓದುವ ದಾನ್ಯಲ್. ತುಮ್ಮಸ್ ಕೈ ಎತ್ತಿದ. ದಾನ್ಯಲ್ ನನ್ನ ಕೈ ನೋಡಿದ. ಕೈ ಮಡಿಲಲ್ಲೇ ಇತ್ತು. ಅವನದೂ ಕೆಳಗೇ ಉಳಿಯಿತು.

"ಮಗನ ವಿಷಯಕ್ಕೆ ತಾಯಿ ಓಟು ಹಾಕೋದು ಸರೀನಾ, ಮಾರ್ಯುನಕ್ಕ?" ತುಮ್ಮಸ್.

"ಈ ಊರಲ್ಲಿ ಯಾರಿಗೆ ಯಾರು ನೆಂಟರಲ್ಲ ಹೇಳು. ನೀನು ನನ್ನ ದೊಡ್ಡಪ್ಪನ ಮೊಮ್ಮಗ."

ಕೋಚ್ ಮುಂದುವರಿಯುತ್ತಾನೆ. ತೀರ್ಮಾನವಾಯಿತು.

ಆಗಸ್ಟ್ 20

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೇನೂ ಇರಲಿಲ್ಲ. ಸೋಲು, ಡ್ರಾ, ಸೋಲು.

ರೋಯಿ ಭಾನುವಾರದ ಊಟಕ್ಕೆ ಬರುತ್ತಿಲ್ಲ. ಮೈದಾನದಲ್ಲಿ ಸಿಕ್ಕರೆ "ಹೂಂ ಅಮ್ಮ", "ಸರಿ ಅಮ್ಮ". ಅಷ್ಟೇ.

ಇವತ್ತು ಬೈಂತಾ ಒಬ್ಬಳೇ ಬಂದಳು. ಬೂಟು ಬಿಚ್ಚಲಿಲ್ಲ, ಬಾಗಿಲಲ್ಲೇ ನಿಂತಳು.

"ಅತ್ತೆ, ಅವರು ಬೆಳಗಿನ ಹೊತ್ತು ವಾಂತಿ ಮಾಡ್ಕೋತಾರೆ. ಪಂದ್ಯದ ದಿನ ಮಾತ್ರ."

"ಹೊಟ್ಟೆ ಸರಿಯಿಲ್ಲದಿದ್ರೆ ಡಾಕ್ಟ್ರು ಇದ್ದಾರೆ."

"ಡಾಕ್ಟ್ರಿಗೆ ತೋರಿಸಿದ್ವಿ. ಅವರೂ ನಿಮ್ಮ ಹತ್ರಾನೇ ಕಳಿಸಿದ್ರು. 'ಆ ಕೆಲಸ ಬಿಡಿಸಿ' ಅಂದ್ರು."

"ಹೆಲ್ಲುನೆಸ್‌ನವರಿಗೆ ಬಿಡೋದು ಸುಲಭ."

ಅವಳು ನನ್ನನ್ನೇ ನೋಡಿದಳು. ಕೋಪವಿರಲಿಲ್ಲ, ಅದೇ ಕೆಟ್ಟದ್ದು.

"ನಿಮಗೂ ಅವರಿಗೂ ಮುಖ ಒಂದೇ ಥರ, ಅತ್ತೆ. ಇಬ್ರೂ ಹಲ್ಲು ಕಚ್ಕೊಂಡೇ ಇರ್ತೀರಿ."

ಬಾಗಿಲು ಮೆತ್ತಗೆ ಹಾಕಿಕೊಂಡು ಹೋದಳು.

ಈಗ ತೆಗೆದುಹಾಕಿದರೆ ತುಮ್ಮಸ್ ಗೆದ್ದಂತೆ. ಊರು ಏನನ್ನುತ್ತದೆ — ಅಮ್ಮನೇ ಕೈಬಿಟ್ಟಳು. ಇಟ್ಟುಕೊಂಡರೆ ಇವನು… ಎರಡು ಕಡೆಯೂ ಗೋಡೆ.

ಸೆಪ್ಟೆಂಬರ್ 17

ಎರಡು ಪಂದ್ಯ ಗೆದ್ದೆವು. ನಂಬುವುದು ಕಷ್ಟ. ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು, ಕುರಿಗಳು ಗುಡ್ಡ ಹತ್ತಿದವು. ರೋಯಿ ನಗಲಿಲ್ಲ. ಗೆದ್ದರೆ ಇನ್ನೂ ಭಾರ ಅಂದನಂತೆ ಹಾನುಸ್ ಬಳಿ. ಹಾನುಸ್ ತಂಡದ ನಾಯಕ. ಕೂಸಾಗಿದ್ದಾಗ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ಅವನನ್ನು ಎತ್ತಿ ಹಿಡಿದವಳು ನಾನು.

ಅಕ್ಟೋಬರ್ 1

ಗುಡ್ಡದಿಂದ ಕುರಿ ಇಳಿಸುವ ವಾರ. ಅಭ್ಯಾಸಕ್ಕೆ ನಾಲ್ಕು ಜನ ಬಂದರು, ಅದರಲ್ಲಿ ಒಬ್ಬ ಗೋಲ್‌ಕೀಪರ್. ಬೈದು ಪ್ರಯೋಜನವಿಲ್ಲ. ನಮ್ಮ ಕುರಿಗಳನ್ನೂ ಬಾರದ ಹುಡುಗರೇ ಇಳಿಸಿದರು.

ಕೊನೆಯ ಪಂದ್ಯ ಇಲ್ಲಿಯೇ, ದಕ್ಷಿಣ ದ್ವೀಪದವರ ಮೇಲೆ. ಗೆದ್ದರೆ ಮೇಲಿನ ದರ್ಜೆಯಲ್ಲಿ ಉಳಿದೆವು, ಇಲ್ಲವಾದರೆ ಕೆಳಗಿನದಕ್ಕೆ. ಉಳಿದರೆ ರೋಯಿ ತಲೆ ಎತ್ತಿಕೊಂಡು ಬಿಡಬಹುದು. ಆಗ ನಾನೇ ಹೇಳುತ್ತೇನೆ, ಸಾಕು ಮಗನೇ ಎಂದು.

ಅಕ್ಟೋಬರ್ 22, ಭಾನುವಾರ, ಬೆಳಿಗ್ಗೆ

ಗಾಳಿ. ಅಡುಗೆಮನೆಯ ಕಿಟಕಿ ಗುಡುಗುತ್ತಿದೆ. ರೆಫರಿ ಫೋನ್ ಮಾಡಿದ, ಆಡಿಸೋಣವೇ ಎಂದು. ಆಡಿಸಿ ಎಂದೆ. ಮನೆಯ ಮೈದಾನದಲ್ಲಿ ನಮಗೆ ಗಾಳಿಯೇ ಹನ್ನೆರಡನೆಯ ಆಟಗಾರ.

ಅದೇ ದಿನ, ಸಂಜೆ

ಎಲ್ಲ ಬರೆದಿಡುತ್ತೇನೆ.

ನಮ್ಮಲ್ಲಿ ಟಾಸ್ ಗೆದ್ದರೆ ಮೊದಲ ಅರ್ಧ ಗಾಳಿಗೆ ಎದುರಾಗಿ ಆಡುವುದು. ಎರಡನೆಯ ಅರ್ಧಕ್ಕೆ ಗಾಳಿ ಬೆನ್ನಿಗೆ. ಮಧ್ಯಾಹ್ನ ಉಬ್ಬರವಿಳಿತ ತಿರುಗುವ ಹೊತ್ತಿಗೆ ಫ್ಯೋರ್ಡಿನ, ಗುಡ್ಡಗಳ ನಡುವಿನ ಈ ಕಡಲತೋಳಿನ, ಗಾಳಿ ಇನ್ನಷ್ಟು ಬಲಿಯುತ್ತದೆ, ಎದುರಾಳಿ ಆಗಲೇ ದಣಿದಿರುತ್ತಾನೆ. ಮಾವನ ಕಾಲದಿಂದ ಹೀಗೆಯೇ.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ರೋಯಿ ಹಾನುಸ್‌ಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಗಾಳಿ ಮೊದಲೇ ತಗೋ. ಮೂರು ಗಂಟೆಗೆ ನಿಂತು ಹೋಗುತ್ತೆ ಅಂತ ಹವಾಮಾನದೋರು ಹೇಳಿದಾರೆ."

ಅವನು ಒಳಗೆ ಹೋದ ಮೇಲೆ ಹಾನುಸ್‌ನನ್ನು ಕರೆದೆ.

"ಗಾಳಿ ಎರಡನೇ ಅರ್ಧಕ್ಕೆ."

"ಕೋಚ್ ಬೇರೆ ಹೇಳಿದ್ರು…"

"ಹವಾಮಾನದೋರು ಕೂತಿರೋದು ರಾಜಧಾನೀಲಿ. ಈ ಫ್ಯೋರ್ಡ್ ನಂಗೊತ್ತು."

ಹಾನುಸ್ ಟಾಸ್ ಗೆದ್ದ. ಗಾಳಿಗೆ ಎದುರಾಗಿ ನಿಂತ. ರೋಯಿ ಒಮ್ಮೆ ನಾಯಕನನ್ನು ನೋಡಿದ, ಆಮೇಲೆ ನನ್ನನ್ನು. ನಾನು ಮೈದಾನದ ಪಕ್ಕದ ತಿಂಡಿ ಮೇಜಿನಲ್ಲಿ ವಾಫಲ್ ಅಚ್ಚಿನ ಮುಂದಿದ್ದೆ, ಹಿಟ್ಟು ಹೊಯ್ದೆ.

ನಮ್ಮ ಕೀಪರ್ ಒದ್ದ ಚೆಂಡು ಗಾಳಿಗೆ ಸಿಕ್ಕು ಹಿಂದಕ್ಕೇ ಬಂತು. ಅವರಲ್ಲೊಬ್ಬ ತಲೆಯಿಂದ ಗೋಲಿಗೆ ತಳ್ಳಿದ. ಸೊನ್ನೆ–ಒಂದು.

ವಿರಾಮದಲ್ಲಿ ಬಾವುಟ ಕೆಳಗೆ ಜೋತುಬಿತ್ತು. ಊರಿನ ಹೊಗೆ ನೆಟ್ಟಗೆ ಮೇಲಕ್ಕೆ. ಇಂಥ ನಿಶ್ಶಬ್ದ ಅಕ್ಟೋಬರಿನಲ್ಲಿ ನಾನು ಕಂಡಿಲ್ಲ. ಎರಡನೆಯ ಅರ್ಧ ಪೂರ್ತಿ ಒಂದು ಉಸಿರು ಗಾಳಿ ಇರಲಿಲ್ಲ. ಹುಡುಗರು ಓಡಿದರು, ಓಡಿದರು. ಸೊನ್ನೆ–ಒಂದು.

ಗೋಡೆಯ ಬಳಿಯಿಂದ ತುಮ್ಮಸ್ ಕೂಗಿದ. "ಬೆನ್ನಿಗಿದ್ದ ಗಾಳೀನ ದಾನ ಕೊಟ್ಟ ಕೋಚ್ ಇವನೊಬ್ಬನೇ. ಹವಾಮಾನ ಓದೋಕೂ ಬರಲ್ವೇನೋ?"

ಹಾನುಸ್ ಬಾಯಿ ತೆರೆದ. ರೋಯಿ ಅವನ ಭುಜ ಒತ್ತಿದ.

"ನನ್ನ ತಪ್ಪು ಲೆಕ್ಕ" ಎಂದ. ಎಲ್ಲರಿಗೂ ಕೇಳುವ ಹಾಗೆ.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಹೇಳಬಹುದಿತ್ತು. ಅಚ್ಚಿನಲ್ಲಿದ್ದುದು ಕಪ್ಪಾಯಿತು.

ಅಕ್ಟೋಬರ್ 26

ಯಾರೂ ಬರಲಿಲ್ಲ. ಅಂಗಿಗಳನ್ನು ಇನ್ನೂ ಒಗೆದಿಲ್ಲ.

ನವೆಂಬರ್ 3, ಶುಕ್ರವಾರ

ವಾರ್ಷಿಕ ಸಭೆ. ಶಾಲೆಯ ಹಾಲ್ ತುಂಬಿತ್ತು. ರೋಯಿ ಕೊನೆಯ ಸಾಲಿನಲ್ಲಿ, ಬೈಂತಾ ಪಕ್ಕದಲ್ಲಿ.

ತುಮ್ಮಸ್ ಎದ್ದ. ಕೋಚನ್ನು ತೆಗೆಯಬೇಕು, ಒಪ್ಪುವವರು ಕೈ ಎತ್ತಿ ಎಂದ. ಎಲ್ಲರಿಗಿಂತ ಮೊದಲು ನಾನೇ ಎತ್ತಿದೆ.  ಆಮೇಲೆ ಉಳಿದ ಕೈಗಳು ಒಂದೊಂದಾಗಿ ಎದ್ದವು. ರೋಯಿಯ ಭುಜ ಇಳಿದದ್ದು ಅಷ್ಟು ದೂರದಿಂದಲೂ ಕಂಡಿತು.

"ಹಾಗಾದ್ರೆ ಹೊಸಬರು ಯಾರು?" ದಾನ್ಯಲ್ ಕೇಳಿದ.

ಯಾರೂ ಇಲ್ಲ. ತುಮ್ಮಸ್‌ನನ್ನು ನೋಡಿದರು. "ನಂಗೆ ಬಸ್ಸಿದೆಯಪ್ಪ" ಎಂದ. ಕೆಮ್ಮು, ಕುರ್ಚಿಯ ಸದ್ದು. ಕೊನೆಗೆ ತಲೆಗಳೆಲ್ಲ ಮೆಲ್ಲಗೆ ಹಿಂದಿನ ಸಾಲಿಗೆ ತಿರುಗಿದವು.

"ರೋಯಿ… ಇನ್ನೊಂದೇ ವರ್ಷ, ಬೇರೆಯವರು ಸಿಗೋವರೆಗೆ" ದಾನ್ಯಲ್ ಎಂದ.

ಬೈಂತಾ ಕಣ್ಣು ಮುಚ್ಚಿಕೊಂಡಳು. ರೋಯಿ ನನ್ನನ್ನು ನೋಡಿದ. ಹೂಂ ಅನ್ನಲು ಬಾಯಿ ತೆರೆಯುತ್ತಿದ್ದಾನೆ — ಗೊತ್ತಾಯಿತು. ಆ ಬಾಯಿ ನನ್ನದೇ.

ಎದ್ದು ನಿಂತೆ.

"ಟಾಸಿನಲ್ಲಿ ಗಾಳಿ ಬಿಟ್ಟದ್ದು ಅವನಲ್ಲ. ಅವನು ಬಿಡಬೇಡ ಅಂದಿದ್ದ. ಹಾನುಸ್‌ಗೆ ಹೇಳಿದ್ದು ನಾನು."

 ಕೂರಬಹುದಿತ್ತು. ಕೂತರೆ ಅವನು ಹೂಂ ಅನ್ನುತ್ತಾನೆ.

"ಹೆಲ್ಲುನೆಸ್‌ನವರ ಹತ್ರ ಕೋಚ್ ಇದ್ದಾನೆ. ಅವರಿಗೆ ಒಪ್ಪಿಗೆ ಕೊಡೋಣ. ಒಂದೇ ಕ್ಲಬ್."

ಗದ್ದಲ. ಹಿರಿಯರು ಎದ್ದು ನಿಂತರು. ಯಾರೋ ನನ್ನ ಮಾವನ ಹೆಸರು ಹಿಡಿದು ಅತ್ತರು. ತುಮ್ಮಸ್ ಮೇಜಿನವರೆಗೆ ಬಂದ.

"ನಾನು ಬದುಕಿರೋವರೆಗೆ ಇಲ್ಲ ಅಂದಿದ್ರಲ್ಲ, ಮಾರ್ಯುನಕ್ಕ?"

"ಸತ್ತೆ ಅಂತ ಬರ್ಕೊ."

ಓಟಿಗೆ ಹಾಕಿದರು. ಕೂದಲೆಳೆಯ ಅಂತರದಲ್ಲಿ ಒಪ್ಪಿಗೆಯಾಯಿತು. ಕೋಟು ಹಾಕಿಕೊಂಡು ಒಬ್ಬಳೇ ಬಂದೆ. ದಾರಿಯಲ್ಲಿ ಯಾರೂ ಮಾತಾಡಿಸಲಿಲ್ಲ.

ನವೆಂಬರ್ 4, ಮಧ್ಯಾಹ್ನ

ಬೆಳಿಗ್ಗೆಯಿಂದ ಮೂವರು ಬಂದು ಬೈದು ಹೋದರು. ಅವರ ಪಾಲಿನದು, ಬೈಯಲಿ. ಕಾಫಿ ಕೊಟ್ಟೆ.

ಹನ್ನೊಂದಕ್ಕೆ ರೋಯಿ ಬಂದ.  ಸೂಪ್ ಕುಡಿದ, ಇನ್ನೊಂದು ಬಟ್ಟಲು ಕೇಳಿದ. ಆಮೇಲೆ ಅಡುಗೆಮನೆಯ ಬೆಂಚಿನ ಮೇಲೆ ಹಾಗೇ ಅಡ್ಡಾದ. ಅವನ ಕಾಲು ಬೆಂಚಿನಾಚೆ ಚಾಚಿಕೊಂಡಿದೆ; ಆ ಬೆಂಚು ಅವನಿಗೆ ಎಂದೋ ಚಿಕ್ಕದಾಯಿತು. ನನ್ನ ಶಾಲು ಹೊದಿಸಿದೆ. ಎರಡು ಗಂಟೆಯಾಗುತ್ತ ಬಂತು, ಮಗ್ಗುಲು ಕೂಡ ಬದಲಿಸಿಲ್ಲ. ಬಾಯಿ ತೆರೆದುಕೊಂಡು ನಿದ್ರೆ. ಗಡಿಯಾರ ನಿಲ್ಲಿಸಿದ್ದೇನೆ. ಪೆನ್ನಿನ ಸದ್ದೂ ದೊಡ್ಡದೆನಿಸುತ್ತದೆ.

ಹೊರಬಾಗಿಲು ತೆರೆಯಿತು. ಬೂಟು ಬಿಚ್ಚಿ ಎಸೆದ ಸದ್ದು — ತುಮ್ಮಸ್ಸೇ. ಅವನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಎದ್ದು ಹೋಗಿ ಅಲ್ಲೇ ತಡೆಯಬೇಕು, ಬೇಕಾದರೆ ಕ್ಷಮೆ ಕೇಳಿಯಾದರೂ, ಇವನಿಗೆ ಎಚ್ಚರವಾಗುವ ಮೊದಲೇ—