ನಾಲ್ಕು ಸಾಲಿಗೆ ಬಾಗಿಲು ಮುಚ್ಚಿ ಚಿತ್ರಕ್ಕೆ ತೆರೆದವರಿಗೆ

ಶಾಲೆಗಳ ಕನ್ನಡ ಲಿನಕ್ಸ್ ಬಿಡುಗಡೆ ಸಮಿತಿಯ ಮುಖ್ಯಸ್ಥರೇ,

ಮಾನ್ಯರೇ ಎಂದು ಶುರು ಮಾಡುವ ರೂಢಿಯಿದೆ. ಬರೆದಿದ್ದೇನೆ ಎಂದುಕೊಳ್ಳಿ. ಕರೆಂಟು ಹೋದಾಗ ಕಂಪ್ಯೂಟರನ್ನು ಕಾಪಾಡುವ ಪ್ಯಾಕೇಜಿಗೆ ನಾನು ಕಳಿಸಿದ ನಾಲ್ಕು ಸಾಲಿನ ತಿದ್ದುಪಡಿಯನ್ನು ನೀವು ಡಿಸೆಂಬರ್ ಆರರಂದು ತಿರಸ್ಕರಿಸಿದಿರಿ. ಕಾರಣ: ‘ಫ್ರೀಜ್ ಜಾರಿಯಲ್ಲಿದೆ.’ ಅದೇ ಫ್ರೀಜ್ ಜಾರಿಯಲ್ಲಿರುವಾಗಲೇ, ಜನವರಿ ಎರಡರಂದು, ಪರದೆಯ ಮೇಲೆ ಮೊದಲು ಮೂಡುವ ಸ್ವಾಗತ ಚಿತ್ರದ ಪ್ಯಾಕೇಜನ್ನು ಒಳಗೆ ಬಿಟ್ಟುಕೊಂಡಿರಿ. ಆಮೇಲೆ ಇನ್ನೂ ಎರಡು ಸಲ ಬಿಟ್ಟುಕೊಂಡಿರಿ. ಇದೇ ಹದಿನೆಂಟಕ್ಕೆ ಸಿ.ಡಿ. ಅಚ್ಚಿಗೆ ಹೋಗುತ್ತದೆ, ಇಪ್ಪತ್ತಾರಕ್ಕೆ ಬಿಡುಗಡೆಯ ಸಮಾರಂಭ. ಅಷ್ಟರೊಳಗೆ ನಿಮ್ಮ ಕಿವಿಗೆ ಬೀಳಲೆಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಪತ್ರಿಕೆ ಓದುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಲಿನಕ್ಸ್ ಎಂದರೆ ಸಾವಿರಾರು ತಂತ್ರಾಂಶಗಳ ಒಂದು ಗಂಟು. ಒಂದೊಂದಕ್ಕೂ ಪ್ಯಾಕೇಜ್ ಎನ್ನುತ್ತೇವೆ. ಹೊಸ ಆವೃತ್ತಿ ಹೊರಡುವ ಮುಂಚೆ ಒಂದು ದಿನ ಗೊತ್ತುಮಾಡಿ, ಇನ್ನು ಯಾರೂ ಏನನ್ನೂ ಮುಟ್ಟಕೂಡದು ಎಂದು ಸಾರುತ್ತಾರೆ. ಅದೇ ಫ್ರೀಜ್. ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟ ಮೇಲೆ ಹೆಸರು ಸೇರಿಸಬೇಡಿ ಎನ್ನುವುದಿಲ್ಲವೇ, ಹಾಗೆ. ನಾನೇನು ಫ್ರೀಜಿನ ವೈರಿಯಲ್ಲ. ಹೋದ ಆವೃತ್ತಿಯಲ್ಲಿ ಯಾರೋ ಕೊನೇ ಗಳಿಗೆಯಲ್ಲಿ ತುರುಕಿದ ಪ್ಯಾಕೇಜಿನಿಂದ ಮೌಸೇ ಅಲುಗಾಡದೆ, ನಾಲ್ಕು ದಿನ ಮಕ್ಕಳ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತವನು ನಾನು. ಆಗ ಫ್ರೀಜ್ ಬಿಗಿ ಮಾಡಿ ಎಂದು ನಿಮಗೆ ಪತ್ರ ಬರೆದವನೂ ನಾನೇ. ಆದರೆ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆ ಎಂದರೆ ‘ಆಗುವುದಿಲ್ಲ’ ಎಂದು, ಸಾಹೇಬರ ಹೆಸರು ದಪ್ಪಕ್ಷರದಲ್ಲಿ ಬರಲಿ ಎಂದರೆ ಅಚ್ಚಿನ ಯಂತ್ರವನ್ನೇ ನಿಲ್ಲಿಸುವವರಿಗೆ ಏನನ್ನಬೇಕು?

ಈಗ ನಮ್ಮ ಶಾಲೆಗೆ ಬನ್ನಿ. ಗುಡೇಕೋಟೆ ಕಡೆಯ ಒಂದು ಹೈಸ್ಕೂಲು. ಐದು ಕಂಪ್ಯೂಟರುಗಳಲ್ಲಿ ನಡೆಯುವವು ಎರಡು, ಎರಡಕ್ಕೂ ಸೇರಿ, ಹೊಸದರಲ್ಲಿ ಎಂಟು ನಿಮಿಷ ತಡೆಯುತ್ತಿದ್ದ ಒಂದು ಹಳೇ ಯು.ಪಿ.ಎಸ್. ನಾನು ಕರಾರಿನ ಮೇಲಿರುವ ಕಂಪ್ಯೂಟರ್ ಮಾಸ್ತರ. ನಿಮ್ಮ ಪರೀಕ್ಷಾ ಸಿ.ಡಿ. ಬಂದಾಗ ಅದರ ಜೊತೆಗಿದ್ದ ಕಾಗದದಲ್ಲಿ ನೀವೇ ಬರೆದಿದ್ದಿರಿ: ‘ನಿತ್ಯದ ಕೆಲಸಕ್ಕೆ ಬಳಸಿ, ದೋಷ ಕಂಡರೆ ತಿಳಿಸಿ.’ ಬಳಸಿದೆ. ಆ ಯಂತ್ರದಲ್ಲಿ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರುವವರ ಪಟ್ಟಿ ಬೆರಳಚ್ಚು ಮಾಡುತ್ತಿದ್ದೆ. ಹದಿನಾರು ಜನರದ್ದು ಹಿಂದಿನ ವಾರವೇ ಹೋಗಿತ್ತು. ಕೊನೆಗೆ ಬಂದ ಏಳು ಜನರ ಹೆಸರು, ಹಳೇ ಶಾಲೆಯ ವಿವರ ಎಲ್ಲಾ ಒಳಗಿತ್ತು.

ಆ ಏಳರಲ್ಲಿ ಒಂದು ಹೆಸರು ದುರ್ಗಾದೇವಿ. ನಮ್ಮೂರ ಹಟ್ಟಿಯ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಕಾರ್ಯಕರ್ತೆಯ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಯಿತು. ಮಕ್ಕಳಿಗೆ ಉಪ್ಪಿಟ್ಟು ಮಾಡುವವಳೂ ಅವಳೇ, ಅ ಆ ತಿದ್ದಿಸುವವಳೂ ಅವಳೇ, ರಿಜಿಸ್ಟರು ಬರೆಯುವವಳೂ ಅವಳೇ. ಆ ಹುದ್ದೆ ಸಿಗಬೇಕಾದರೆ ಹತ್ತನೆಯದು ಪಾಸಾಗಿರಬೇಕು. ಅವಳಿಗೆ ಈಗ ಮೂವತ್ನಾಲ್ಕು. ಈ ಏಪ್ರಿಲ್ಲಿನಲ್ಲಿ ಬರೆದರೆ ಉಂಟು, ಮುಂದಿನ ವರ್ಷ ಬರೆದು ಪಾಸಾಗುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತದೆ. ಕೈಯಲ್ಲಿ ಮಗ್ಗಿ ಪುಸ್ತಕ ಹಿಡಿದುಕೊಂಡೇ ಒಲೆ ಊದುತ್ತಿದ್ದಳು ಎಂದು ಅವಳ ತಾಯಿ ಅಂಜಿನಕ್ಕ ಹೇಳುತ್ತಿದ್ದರು.

ಪಟ್ಟಿ ಸಲ್ಲಿಸಲು ನವೆಂಬರ್ ಹದಿನೈದು ಕೊನೆಯ ದಿನ. ಮಧ್ಯಾಹ್ನ ಎರಡು ದಾಟಿತ್ತು, ಪ್ರಿಂಟ್ ಕೊಡಬೇಕು, ಕರೆಂಟು ಹೋಯಿತು. ಮೂರು ನಿಮಿಷಕ್ಕೆ ಬಂತು. ಅಬ್ಬಾ ಅನ್ನುವಷ್ಟರಲ್ಲಿ ಮತ್ತೆ ಹೋಯಿತು. ಯು.ಪಿ.ಎಸ್. ಬಾಯಿ ಬಡಿದುಕೊಳ್ಳುತ್ತಿದ್ದರೂ, ಬ್ಯಾಟರಿ ಮುಗಿಯುವ ಮೊದಲು ಎಲ್ಲವನ್ನೂ ಉಳಿಸಿ ಯಂತ್ರವನ್ನು ಮುಚ್ಚಬೇಕಾದ ನಿಮ್ಮ ಪ್ಯಾಕೇಜ್ ಮಿಸುಕಾಡಲಿಲ್ಲ. ನಾನು ಕೀಲಿ ಒತ್ತುವ ಮೊದಲೇ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದರೆ ಡಿಸ್ಕಿನಲ್ಲಿ ಒಂದು ಕಡತವೂ ತೆರೆಯಲಿಲ್ಲ. ಏಳೂ ಮನೆಗೆ ಸೈಕಲ್ಲಿನಲ್ಲಿ ಓಡಾಡಿ, ವಿವರ ಕೇಳಿ, ಕೈಯಲ್ಲಿ ಬರೆದುಕೊಂಡು ಬಸ್ಸು ಹಿಡಿದು ಹೋದೆ. ಪಟ್ಟಿ ತೆಗೆದುಕೊಳ್ಳುವ ಶಿಕ್ಷಣ ಇಲಾಖೆಯ ಕಚೇರಿಯ ಬಾಗಿಲಿಗೆ ಬೀಗ. ಮರುದಿನ ಹೋದರೆ ಅಲ್ಲಿನ ಗುಮಾಸ್ತರು, ‘ಕೊನೆ ದಿನಾಂಕ ಮುಗೀತಲ್ರಿ ಮಾಸ್ತರೇ, ನಾ ಏನ್ ಮಾಡ್ಲಿ?’ ಅಷ್ಟೇ. ಏಳು ಜನರ ವರ್ಷ ಹೋಯಿತು. ದುರ್ಗಾದೇವಿಯದು ವರ್ಷ ಮಾತ್ರ ಅಲ್ಲ.

ಫ್ಲಾಪಿಗೆ ನಕಲು ಮಾಡಿಕೊಂಡಿರಲಿಲ್ಲವೇ ಎಂದು ಕೇಳುತ್ತೀರಿ. ಮಾಡಿಕೊಂಡಿರಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ, ಆ ಏಳು ಜನರ ಮುಂದೆಯೂ ಒಪ್ಪಿದ್ದೇನೆ. ನಿಮ್ಮದನ್ನು ಒಪ್ಪಲು ನಿಮಗೇನು ಅಡ್ಡಿ?

ದೋಷ ವರದಿ ಕಳಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು: ‘ನಮ್ಮಲ್ಲಿ ಪರೀಕ್ಷಿಸಲಾಗಿ ಈ ದೋಷ ಕಂಡುಬಂದಿಲ್ಲ.’ ಹೇಗೆ ಪರೀಕ್ಷಿಸಿದಿರಿ ಸ್ವಾಮಿ? ಪ್ಲಗ್ಗನ್ನು ಒಂದು ಸಲ ಕಿತ್ತಿರಿ, ಯಂತ್ರ ಸರಿಯಾಗಿ ಮುಚ್ಚಿಕೊಂಡಿತು, ಕೈ ಒರೆಸಿಕೊಂಡಿರಿ. ಕಾನಹೊಸಹಳ್ಳಿಯಲ್ಲಿ ಯು.ಪಿ.ಎಸ್. ರಿಪೇರಿ ಮಾಡುವ ಮಾರೇಶ್ ಎಂಬುವವನನ್ನು ಕರೆಸಿದೆ. ಅವನಿಗೆ ಲಿನಕ್ಸ್ ಗೊತ್ತಿಲ್ಲ, ಕರೆಂಟು ಗೊತ್ತು. ನಿಮ್ಮ ಉತ್ತರ ಓದಿ ಹೇಳಿದರೆ ನಕ್ಕುಬಿಟ್ಟ.

“ಒಂದ್ಸಲ ಕಿತ್ರ ಏನ್ ಗೊತ್ತಾಕ್ಕೈತ್ರಿ ಸರ? ನಮ್ ಕರೆಂಟು ಹಂಗ ಮರ್ಯಾದಿಲೆ ಹೊಕ್ಕೈತೇನು? ಹೊಕ್ಕೈತಿ, ಬರ್ತೈತಿ, ಮತ್ ಹೊಕ್ಕೈತಿ. ಹಂಗ ಮಾಡಿ ನೋಡೂನು ತಡೀರಿ.”

ಸ್ವಿಚ್ ಹಿಡಿದು ಕೂತ. ತೆಗೆದ, ಹಾಕಿದ, ತೆಗೆದ. ನಲವತ್ತು ಸಲ ಹಾಗೆ ಮಾಡಿದ, ನಲವತ್ತು ಸಲವೂ ನಿಮ್ಮ ಪ್ಯಾಕೇಜ್ ಎರಡನೇ ಸಲಕ್ಕೆ ಸುಮ್ಮನೆ ಕೂತಿತು. ಮೊದಲ ಸಲ ಕರೆಂಟು ಮರಳಿ ಬಂದಾಗ ‘ಗಂಡಾಂತರ ಕಳೆಯಿತು’ ಎಂದು ಗುರುತು ಹಾಕಿಕೊಳ್ಳುತ್ತದೆ, ಆ ಗುರುತನ್ನು ಅಳಿಸುವುದೇ ಇಲ್ಲ. ಅಷ್ಟೇ ದೋಷ. ಅದನ್ನು ಅಳಿಸುವುದಕ್ಕೆ ನಾಲ್ಕು ಸಾಲು ಬರೆದೆ. ಮತ್ತೆ ನಲವತ್ತು ಸಲ ಪರೀಕ್ಷೆ. ಒಂದು ಸಲವೂ ತಪ್ಪಲಿಲ್ಲ. ಎಲ್ಲದರ ವರದಿ ಸಮೇತ ಡಿಸೆಂಬರ್ ನಾಲ್ಕಕ್ಕೆ ಕಳಿಸಿದೆ. ನಿಮ್ಮ ಫ್ರೀಜ್ ಡಿಸೆಂಬರ್ ಒಂದಕ್ಕೇ ಶುರುವಾಗಿತ್ತು. ಮೂರು ದಿನ ತಡ. ಆ ಮೂರು ದಿನದ ಮೊದಲಿನ ಹತ್ತು ದಿನ ನನ್ನ ವರದಿ ಯಾರ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತು?

ನಿಮ್ಮ ತಿರಸ್ಕಾರ ಪತ್ರದ ಎರಡು ವಾಕ್ಯ ನನಗೆ ಬಾಯಿಪಾಠವಾಗಿದೆ. ‘ಈ ದೋಷ ಕೆಲವೇ ಪ್ರದೇಶಗಳಿಗೆ ಸೀಮಿತ.’ ಯಾವ ಪ್ರದೇಶ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಅಷ್ಟೂ ಹಳ್ಳಿಯಲ್ಲಿ ಕರೆಂಟು ಹೀಗೇ ಆಡುತ್ತದೆ. ಈ ಲಿನಕ್ಸ್ ಯಾರಿಗಾಗಿ ಕಟ್ಟಿದ್ದು, ನಿಮ್ಮ ಕಚೇರಿಗೋ? ಎರಡನೆಯ ವಾಕ್ಯ: ‘ಬಿಡುಗಡೆಯ ನಂತರ ಅಂತರ್ಜಾಲದಿಂದ ಪಡೆದುಕೊಳ್ಳಬಹುದು.’ ನಮ್ಮ ಶಾಲೆಯಲ್ಲಿ ಫೋನೇ ಇಲ್ಲ. ತೆಲಿಗಿಯಲ್ಲಿ ಕಂಪ್ಯೂಟರ್ ಕಲಿಸುವ ಉಜ್ಜಿನಪ್ಪನವರು ನನ್ನ ಗೆಳೆಯರು, ಅವರಿಗೂ ಇದೇ ಪಾಡು. ನಮಗೆ ಸಿ.ಡಿ.ಯಲ್ಲಿ ಏನಿದೆಯೋ ಅದೇ ಲಿನಕ್ಸ್, ಮುಂದಿನ ಸಿ.ಡಿ. ಬರುವ ತನಕ. ಒಂದು ವರ್ಷವೋ, ಎರಡೋ.

ಚಿತ್ರದ ಕಥೆ ನೋಡಿ. ನಿಮ್ಮದೇ ಬದಲಾವಣೆ ಪಟ್ಟಿಯಲ್ಲಿ ದಾಖಲಾಗಿದೆ, ಕೂಡ್ಲಿಗಿಗೆ ಹೋದಾಗ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿದೆ. ಮೊದಲ ಸಲ, ಸಮಾರಂಭಕ್ಕೆ ತಕ್ಕ ಹೊಸ ಚಿತ್ರ. ಎರಡನೇ ಸಲ, ಚಿತ್ರದಲ್ಲಿದ್ದ ದೀಪಕ್ಕೆ ನಾಲ್ಕೇ ಬತ್ತಿ ಇವೆ, ಐದು ಇರಲಿ. ಮೂರನೇ ಸಲ, ಐದನೇ ಬತ್ತಿಯ ಬಣ್ಣ ಮಂಕಾಗಿದೆ. ಪ್ರತಿ ಸಲವೂ ಕಾರಣದ ಜಾಗದಲ್ಲಿ ‘ತುರ್ತು’ ಎಂದಿದೆ. ನನಗೆ ಮೈಯೆಲ್ಲಾ ಉರಿಯಿತು ಎಂದು ಸಭ್ಯತೆ ಬಿಟ್ಟು ಹೇಳುತ್ತೇನೆ.

ಕೇಳುವುದು ಇಷ್ಟೇ. ಹದಿನೆಂಟರೊಳಗೆ ಆ ನಾಲ್ಕು ಸಾಲನ್ನು ಒಳಗೆ ಬಿಡಿ. ನನ್ನ ಹೆಸರು ಹಾಕಬೇಡಿ, ಬೇಕಾದರೆ ನಿಮ್ಮದೇ ಹಾಕಿಕೊಳ್ಳಿ. ಪರೀಕ್ಷೆ ಸಾಲದು ಎನಿಸಿದರೆ ಮಾರೇಶ್ ತನ್ನ ಖರ್ಚಿನಲ್ಲೇ ನಿಮ್ಮಲ್ಲಿಗೆ ಬಂದು ಸ್ವಿಚ್ ಹಿಡಿದು ಕೂರುತ್ತೇನೆ ಎಂದಿದ್ದಾನೆ. ಇನ್ನು ಮುಂದೆ ಫ್ರೀಜಿನಲ್ಲಿ ಯಾವುದನ್ನು ಬಿಟ್ಟಿರಿ, ಯಾವುದನ್ನು ತಡೆದಿರಿ, ಯಾಕೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.

ಆಗದು ಎಂದಾದರೆ ಇನ್ನೊಂದು ಕೆಲಸ ಮಾಡಿಕೊಡಿ. ಮೊನ್ನೆ ಅಂಗನವಾಡಿಯ ಮುಂದೆ ಹಾದುಹೋಗುವಾಗ ದುರ್ಗಾದೇವಿ ನನ್ನನ್ನು ನಿಲ್ಲಿಸಿದಳು. ಮಾರೇಶನಿಂದ ವಿಷಯ ಕಿವಿಗೆ ಬಿದ್ದಿತ್ತು. ಸಿಟ್ಟಿಲ್ಲದೆ ಕೇಳಿದಳು: “ಸರ, ಯಾವ್ದೋ ಚಿತ್ರ ತಡಾ ಆಗಿ ಬಂದ್ರೂ ತಗಂಡ್ರಂತಲ್ರಿ, ಅದೂ ಮೂರು ಸಲ. ನನ್ ಫಾರಂ ಒಂದ್ ದಿನ ತಡಾ ಆಗಿದ್ದಕ್ಕ ಯಾಕ್ರಿ ತಗಳ್ಳಿಲ್ಲ?” ತಾಯೀ, ಇವೆರಡೂ ಬೇರೆ ಬೇರೆ ಆಫೀಸು ಎಂದು ತಿಳಿಸಿ ಹೇಳಲು ಬಾಯಿ ತೆರೆದೆ. ಯಾವುದರಲ್ಲಿ ಬೇರೆ ಎಂದು ಹೇಳಲಿ ಎಂಬುದು ಹೊಳೆಯಲಿಲ್ಲ. ಉತ್ತರವನ್ನು ನೀವೇ ಬರೆದು ಕಳಿಸಿ, ನಾನು ಅವಳಿಗೆ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಪರೀಕ್ಷಾ ಸಿ.ಡಿ.ಯನ್ನು ನಂಬಿ ಏಳು ಮನೆಗೆ ಮುಖ ತೋರಿಸಲಾಗದ
ಒಬ್ಬ ಕರಾರು ಮಾಸ್ತರ
ಗುಡೇಕೋಟೆ ಕಡೆಯಿಂದ, ೧೧ ಜನವರಿ ೨೦೦೮